ಏಳನೆಯ ರಾಣಿಯ ಟ್ರಂಕು

ಅಕ್ಕೋರು ಕತೆ ಹೇಳುತ್ತಿದ್ದದ್ದು ಗುರುವಾರ ಮಾತ್ರ. ಪಿಂಪ್ರಿ-ಚಿಂಚವಾಡದಲ್ಲಿ ಗುರುವಾರ ಕಾರ್ಖಾನೆಗಳಿಗೆ ರಜೆ, ಕರೆಂಟೂ ಹೋಗುತ್ತಿತ್ತು. ಫ್ಯಾನು ನಿಂತ ಮೇಲೆ ಕೋಣೆಯಲ್ಲಿ ಕೂಡಲಾರದೆ ನಾವು ಇಪ್ಪತ್ತೆರಡು ಹೆಂಗಸರು ಕೆಳಗಿನ ಪಡಸಾಲೆಗೆ ಇಳಿದು ಬರುತ್ತಿದ್ದೆವು. ಅಲ್ಲಿ ನೆಲ ತಂಪಾಗಿರುತ್ತಿತ್ತು. ಅಕ್ಕೋರು ಮೊರದಲ್ಲಿ ಅಕ್ಕಿ ಹಾಕಿಕೊಂಡು ಗೋಡೆಗೆ ಒರಗಿ ಕೂತಿರುತ್ತಿದ್ದರು. ಕಲ್ಲು ಆರಿಸುತ್ತ ಕತೆ ಹೇಳುವರು. ಅಕ್ಕಿ ಮುಗಿದರೆ ಕತೆಯೂ ಆ ವಾರಕ್ಕೆ ಮುಗಿಯಿತು. ರಾಣಿಯರು ಎಲ್ಲಿದ್ದರೋ ಅಲ್ಲೇ ಮುಂದಿನ ಗುರುವಾರದವರೆಗೆ ನಿಂತಿರಬೇಕು. ಮರಾಠಿ ಹುಡುಗಿಯರಿಗೆ ಅರ್ಧ ಕತೆಯೇ ತಿಳಿಯುತ್ತಿತ್ತು. ಆದರೂ "ಮಾವಶಿ, ಪುಢೇ ಕಾಯ್" ಎಂದು ಮುಂದಿನದನ್ನು ಮೊದಲು ಕೇಳುವವರು ಅವರೇ.

ಅಕ್ಕೋರು ನಮ್ಮ ಹಾಸ್ಟೆಲಿನ ವಾರ್ಡನ್ನು. ನೌಕರಿ ಮಾಡುವ ಹೆಣ್ಣುಮಕ್ಕಳಿಗಾಗಿ ಒಂದು ಟ್ರಸ್ಟು ಚಿಂಚವಾಡದ ಹಳೆಯ ಎರಡಂತಸ್ತಿನ ಕಟ್ಟಡದಲ್ಲಿ ಅದನ್ನು ನಡೆಸುತ್ತಿತ್ತು. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದಿಲ್ಲ. ಕನ್ನಡದವರಿಗೆ ಅಕ್ಕೋರು, ಮರಾಠಿಯವರಿಗೆ ಮಾವಶಿ. ವಿಜಾಪುರದ ಕಡೆ ಕೆಲವು ವರ್ಷ ಶಾಲೆಯಲ್ಲಿ ಕಲಿಸಿದ್ದರಂತೆ. ಹಣೆಯ ಮೇಲೆ ಕುಂಕುಮ ಇತ್ತು, ಕೊರಳಲ್ಲಿ ತಾಳಿ ಇರಲಿಲ್ಲ. ಹೊಸದಾಗಿ ಬಂದ ಯಾರಾದರೂ ಯಜಮಾನರ ಬಗ್ಗೆ ಕೇಳಿದರೆ, "ಅದಕ್ಕ ಬ್ಯಾರೆ ರಜಿಸ್ಟರ್ ಅದ" ಎಂದು ಮಾತು ಮುಗಿಸುತ್ತಿದ್ದರು.

ರಜಿಸ್ಟರ್ ಎಂದರೆ ಅವರಿಗೆ ಪ್ರಾಣ. ಬಾಗಿಲ ಹೊರಗೆ ಒಂದು ಬೆಂಚು, ಅದರ ಮೇಲೆ ಹಗ್ಗ ಕಟ್ಟಿದ ಪೆನ್ನು, ಉದ್ದನೆಯ ಪುಸ್ತಕ. ಬಂದ ಗಂಡಸು ಅಪ್ಪನಾಗಲಿ ಅಣ್ಣನಾಗಲಿ ಬೆಂಚಿನ ಮೇಲೆ ಕೂತು ತನ್ನ ಹೆಸರು, ಊರು, ಯಾರನ್ನು ಕಾಣಬೇಕು, ಸಂಬಂಧ ಏನು ಎಂದು ನಾಲ್ಕು ಮನೆಗಳಲ್ಲಿ ಬರೆಯಬೇಕು. ಒಮ್ಮೆ ಪೊಲೀಸ್ ಅಧಿಕಾರಿಯೊಬ್ಬ ಸಮವಸ್ತ್ರದಲ್ಲೇ ತಂಗಿಯನ್ನು ಕಾಣಲು ಬಂದಿದ್ದ. ಅವನನ್ನೂ ಬೆಂಚಿನ ಮೇಲೆ ಕೂಡಿಸಿದರು. ಸಂಬಂಧದ ಮನೆ ಖಾಲಿ ಬಿಟ್ಟಿದ್ದಕ್ಕೆ ಮತ್ತೆ ಪೆನ್ನು ಕೈಗೆ ಕೊಟ್ಟರು.

ಕತೆ ಒಬ್ಬ ರಾಜನದು. ಆಚೆಯ ದಡ ಕಾಣದಂಥ ಒಂದು ನದಿಯ ದಂಡೆಗೆ ಅವನ ಅರಮನೆ. ಅವನಿಗೊಂದು ಶಾಪ: ದಾರಿ ತಪ್ಪಿದ ಒಬ್ಬ ಹೆಣ್ಣುಮಗಳು ನದಿ ದಾಟಿ ಅರಮನೆಯ ಬಾಗಿಲಿಗೆ ಬಂದು ನಿಂತಾಗಲೆಲ್ಲ ಅವಳನ್ನು ಅವನು ರಾಣಿ ಮಾಡಿಕೊಳ್ಳಬೇಕು. ಒಬ್ಬೊಬ್ಬ ರಾಣಿಗೂ ಒಂದೊಂದು ವಿದ್ಯೆ. ಎರಡನೆಯವಳು ಬಿಸಿಲನ್ನು ಸೀರೆಯ ಹಾಗೆ ಮಡಚಿ ಇಟ್ಟು ಮಳೆಗಾಲದಲ್ಲಿ ಬಿಡಿಸಿ ಎಲ್ಲರ ಬಟ್ಟೆ ಒಣಗಿಸುತ್ತಿದ್ದಳು. ನಾಲ್ಕನೆಯವಳ ನೆರಳು ಅವಳಿಗಿಂತ ಮೊದಲೇ ಎದ್ದು ರೊಟ್ಟಿ ಬಡಿಯುತ್ತಿತ್ತು. ಒಂಬತ್ತನೆಯವಳಿಗೆ ಸುಳ್ಳು ಹೇಳಿದವರ ನಾಲಿಗೆ ನೀಲಿಯಾಗಿ ಕಾಣುತ್ತಿತ್ತು. ರಾಜ ಮಾತ್ರ ಒಳಗೆ ಬರಬೇಕಾದರೆ ಹೊರಗಿನ ಕಲ್ಲುಬೆಂಚಿನ ಮೇಲೆ ಕೂತು ದ್ವಾರಪಾಲಕಿಗೆ ಹೆಸರು, ಊರು, ಸಂಬಂಧ ಹೇಳಬೇಕಿತ್ತು. ಬಹಳ ಸಲ ಒಳಗಿನಿಂದ "ಅವರು ತಲಿ ತೊಳಕೊಂಡಾರ, ನಾಳೆ ಬಾ" ಎಂಬ ಉತ್ತರ ಬರುತ್ತಿತ್ತು. ಆಗ ಪಡಸಾಲೆ ನಗುವಿನಿಂದ ತುಂಬುತ್ತಿತ್ತು.

ಯಾವ ರಾಣಿ ಯಾರೆಂದು ನಮಗೆಲ್ಲ ಗೊತ್ತಿತ್ತು. ನಾನು ಹದಿಮೂರನೆಯವಳು. ಕಲಬುರ್ಗಿಯ ಕಡೆಯಿಂದ ಬಂದು ಒಂದು ಸಾಗಣೆ ಕಂಪನಿಯಲ್ಲಿ ಟೈಪಿಸ್ಟ್ ಆಗಿದ್ದೆ. ಹದಿಮೂರನೆಯ ರಾಣಿ ಮಾತನ್ನು ಗಾಳಿಯಲ್ಲಿ ಹಿಡಿದು ಡಬ್ಬಿಯಲ್ಲಿ ಮುಚ್ಚಿಡುತ್ತಿದ್ದಳು.

ಏಳನೆಯವಳು ಸುರೇಖಾ. ಅವಳ ಅಪ್ಪ ಅವ್ವ ಯಾದಗಿರಿಯ ಕಡೆಯವರು, ಕಟ್ಟಡದ ಕೆಲಸಕ್ಕೆ ಬಂದವರು. ಒಂದು ಕಟ್ಟಡ ಮುಗಿದರೆ ಇನ್ನೊಂದು ಕಡೆ ಗುಡಿಸಲು ಹಾಕುತ್ತಿದ್ದರು. ಸುರೇಖಾ ಭೋಸರಿಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಮಾಡುತ್ತಿದ್ದಳು. ಅವಳಿಗೆ ಬೆಂಕಿಪೊಟ್ಟಣ ಮುಟ್ಟಲು ಹೆದರಿಕೆ. ಸ್ಟೋವು ಹಚ್ಚುವುದಿದ್ದರೆ ಯಾರನ್ನಾದರೂ ಕರೆದು ತಾನು ಬಾಗಿಲ ಆಚೆ ನಿಲ್ಲುತ್ತಿದ್ದಳು. ನಾವು ಗೇಲಿ ಮಾಡುತ್ತಿದ್ದೆವು. ಅಕ್ಕೋರು ಅವಳ ರಾಣಿಗೆ ಬೆಂಕಿಯ ವಿದ್ಯೆ ಕೊಟ್ಟರು. ಏಳನೆಯ ರಾಣಿ ಕೆಂಡವನ್ನು ಉಡಿಯಲ್ಲಿ ಕಟ್ಟಿಕೊಂಡು ಅರಮನೆಯ ತುಂಬ ಓಡಾಡಿ ಎಲ್ಲರಿಗೂ ಬಿಸಿನೀರು ಕಾಯಿಸಿ ಕೊಡುತ್ತಿದ್ದಳು, ಸೆರಗಿನ ಒಂದು ಎಳೆಯೂ ಸುಡುತ್ತಿರಲಿಲ್ಲ. ಅದನ್ನು ಕೇಳುತ್ತ ಸುರೇಖಾ ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು.

ಅವಳಿಗೆ ಕುರಕುಂಭದಿಂದ ಗಂಡು ಬಂತು. ರಾಸಾಯನಿಕ ಕಾರ್ಖಾನೆಯಲ್ಲಿ ಕೆಲಸ. ಎರಡು ಸಲ ಬಂದು ಬೆಂಚಿನ ಮೇಲೆ ಕೂತ, ಯಾರೂ ಹೇಳದೆ ನಾಲ್ಕೂ ಮನೆ ತುಂಬಿದ. ಅವಳ ಅಪ್ಪನಿಗೆ ಓದು ಬಾರದು. "ನೀವು ಕಲತವ್ರು ಅಕ್ಕೋರ, ನೋಡಿ ಹೇಳ್ರಿ" ಎಂದ. ಅಕ್ಕೋರು ಹುಡುಗನನ್ನು ನೋಡಿದರು, ಆಮೇಲೆ ರಜಿಸ್ಟರ್ ನೋಡಿದರು. ಮುತ್ತಿನಂಥ ಅಕ್ಷರ. "ಅಕ್ಷರ ಚಲೋ ಅದಾವ. ಮನಸ್ಸೂ ಹಂಗಽ ಇರ್ತದ" ಎಂದರು. ಅಪ್ಪ ಅದನ್ನೇ ಮಾತು ಎಂದುಕೊಂಡ.

ಮದುವೆಯಾಗಿ ಸುರೇಖಾ ಒಂದು ಕೈಚೀಲ ಹಿಡಿದು ಗಂಡನ ಮನೆಗೆ ಹೋದಳು. ಟ್ರಂಕು ಇಲ್ಲೇ ಇರಲಿ, ಬೇರೆ ಕೋಣೆ ಮಾಡಿದ ಮೇಲೆ ಒಯ್ಯುತ್ತೇನೆ ಎಂದಳು. ನಾಲ್ಕು ತಿಂಗಳಿಗೆ ಆಸ್ಪತ್ರೆಯಿಂದ ಸುದ್ದಿ ಬಂತು. ಸ್ಟೋವು ಸಿಡಿಯಿತು ಎಂದು ಅವನ ಮನೆಯವರು ಹೇಳಿದರು. ಬೆಂಕಿಪೊಟ್ಟಣ ಮುಟ್ಟದವಳು ಸ್ಟೋವು ಹಚ್ಚಿದ್ದು ಹೇಗೆ ಎಂದು ಅಕ್ಕೋರು ಅಲ್ಲಿದ್ದ ಎಲ್ಲರನ್ನೂ ಕೇಳಿದರು. ಪೊಲೀಸರು ಬರೆದುಕೊಂಡರು, ಅಷ್ಟೆ. ನಾನು ಅಕ್ಕೋರ ಜೊತೆಗೆ ಹೋಗಿದ್ದೆ, ಆದರೆ ವಾರ್ಡಿನ ಒಳಗೆ ಹೋಗುವ ಧೈರ್ಯ ಆಗಲಿಲ್ಲ. ಅವರು ಒಬ್ಬರೇ ಒಳಗೆ ಹೋಗಿ ಬಂದರು. ಬಸ್ಸಿನಲ್ಲಿ ಒಂದೇ ಮಾತು ಆಡಿದರು: "ಅಕ್ಷರ ನೋಡಿ ಕೊಟ್ಟೆ ನಾ."

ಅಪ್ಪ ಅವ್ವ ಆ ಹೊತ್ತಿಗೆ ಬೇರೆ ಕಡೆ ಕೆಲಸಕ್ಕೆ ಹೋಗಿದ್ದರು. ಸುರೇಖಾಳ ಮಣ್ಣಿಗೂ ಅವರು ಸಿಗಲಿಲ್ಲ. ಅಕ್ಕೋರು ಊರಿನ ವಿಳಾಸಕ್ಕೆ ಮೂರು ಕಾರ್ಡು ಬರೆದರು. ಉತ್ತರ ಬರಲಿಲ್ಲ. ಟ್ರಂಕು ಅಕ್ಕೋರ ಮಂಚದ ಕೆಳಗೆ ಉಳಿಯಿತು.

ಮುಂದಿನ ಗುರುವಾರ ಪಡಸಾಲೆಗೆ ಬಂದೆವು, ಯಾರೂ ಕತೆ ಕೇಳಲಿಲ್ಲ. ಅವರು ಮೊರ ತೆಗೆದುಕೊಂಡು ತಾವೇ ಶುರು ಮಾಡಿದರು. ಏಳನೆಯ ರಾಣಿ ಬೆಳಿಗ್ಗೆ ಎದ್ದಳು, ಉಡಿಯಲ್ಲಿ ಕೆಂಡ ಕಟ್ಟಿಕೊಂಡಳು, ಎಲ್ಲರಿಗೂ ನೀರು ಕಾಯಿಸಿದಳು.

ಆಮೇಲೆ ನನ್ನ ಮದುವೆಯಾಯಿತು. ಎರಡು ಓಣಿ ಆಚೆಗೆ ಮನೆ ಮಾಡಿದೆವು, ಗುರುವಾರ ನಾನು ಬರುವುದು ತಪ್ಪಲಿಲ್ಲ. ಯಾವ ರಾಣಿಗೆ ಯಾವ ವಿದ್ಯೆ ಎಂದು ಮರೆಯಬಾರದೆಂದು ಅವರು ಹೇಳಿದ ಕತೆಯನ್ನು ಶುಕ್ರವಾರ ವಹಿಯಲ್ಲಿ ಬರೆದಿಡುತ್ತಿದ್ದರು. ನಮ್ಮ ಆಫೀಸಿಗೆ ಇಂಟರ್ನೆಟ್ ಬಂದ ಮೇಲೆ ಕನ್ನಡದವರು ಧಾರಾವಾಹಿ ಬರೆದು ಹಾಕುವ ಒಂದು ತಾಣ ನನ್ನ ಕಣ್ಣಿಗೆ ಬಿತ್ತು. ನಿಮ್ಮ ಕತೆಯನ್ನು ಅದರಲ್ಲಿ ಹಾಕಲೇ ಎಂದು ಕೇಳಿದೆ. ಹೆಸರು ಹಾಕಬಾರದು ಎಂದಷ್ಟೇ ಹೇಳಿ ವಹಿ ಕೊಟ್ಟರು. ಊಟದ ಬಿಡುವಿನಲ್ಲಿ ಟೈಪ್ ಮಾಡಿ ವಾರಕ್ಕೊಂದು ಅಧ್ಯಾಯ ಹಾಕುತ್ತಿದ್ದೆ. ಬರೆದವರ ಹೆಸರಿನ ಜಾಗದಲ್ಲಿ 'ಗುರುವಾರ' ಎಂದು ಹಾಕಿದೆ.

ಒಬ್ಬ ರಾಜ, ಅರಮನೆ ತುಂಬ ರಾಣಿಯರು ಎಂದು ನೋಡಿ ಬಂದವರೇ ಹೆಚ್ಚು. ಅಂಥ ಕತೆಗಳು ಆ ತಾಣದಲ್ಲಿ ಬೇರೆಯೂ ಇದ್ದವು, ಅವುಗಳಲ್ಲಿ ರಾಜನಿಗೆ ಬೇರೆ ಕೆಲಸ ಇರುತ್ತಿತ್ತು. ಇಲ್ಲಿ ಬಂದು ಬಿಸಿನೀರಿನ ಸರದಿ, ಎಣ್ಣೆ ಹಚ್ಚುವ ಜಗಳ ಓದಿ ಕೆಲವರು ಬೈದು ಹೋದರು. ಕೆಲವರು ಉಳಿದರು. ಉಳಿದವರಲ್ಲಿ ಬೆಂಗಳೂರಿನ ಒಬ್ಬ ಹುಡುಗ ಕತೆಯ ಗುಣ ದೋಷ ಎರಡನ್ನೂ ಪಟ್ಟಿ ಮಾಡಿ ಎರಡು ಪುಟ ಬರೆದ. ಅದರ ಪ್ರಿಂಟು ತೆಗೆದುಕೊಂಡು ಹೋಗಿ ನಾನು ಅಕ್ಕೋರಿಗೆ ಓದಿದೆ.

"ಮೊದಲು ಒಳ್ಳೇದು ಹೇಳ್ತೀನಿ" ಎಂದು ಶುರು ಮಾಡಿದ್ದ. ಇಷ್ಟು ರಾಣಿಯರಿದ್ದರೂ ಒಬ್ಬಳು ಇನ್ನೊಬ್ಬಳ ಹಾಗಿಲ್ಲ, ಹೆಸರು ಮುಚ್ಚಿದರೂ ಮಾತಿನಿಂದ ಗುರುತು ಸಿಗುತ್ತದೆ. ಮಾಯೆಯಿಂದ ಯುದ್ಧ ಗೆಲ್ಲುವುದನ್ನು ಓದಿದ್ದೇನೆ, ಬಟ್ಟೆ ಒಣಗಿಸುವುದನ್ನು ಇಲ್ಲೇ ಓದಿದ್ದು. ರಾಜನಿಗಾಗಿ ಯಾರೂ ಕಿತ್ತಾಡುವುದಿಲ್ಲ, ಇದು ಇಂಥ ಕತೆಗಳಲ್ಲಿ ಇಲ್ಲವೇ ಇಲ್ಲ. ಅಕ್ಕೋರು ಕಲ್ಲು ಆರಿಸುತ್ತ ಕೇಳಿದರು. ಮುಖದಲ್ಲಿ ಏನೂ ತೋರಲಿಲ್ಲ, ಆದರೆ ಆರಿಸಿದ ಕಲ್ಲನ್ನು ಮತ್ತೆ ಅಕ್ಕಿಗೇ ಹಾಕಿದ್ದನ್ನು ನಾನು ಕಂಡೆ.

ದೋಷಗಳಲ್ಲಿ ಮೊದಲನೆಯದು, ರಾಜ ಹುಲ್ಲಿನ ಬೊಂಬೆ. ಕತೆಗೆ ಅವನು ಬೇಕೇ ಎಂದೇ ಅನುಮಾನ ಬರುತ್ತದೆ.

"ಬೇಕವ್ವ" ಎಂದರು ಅಕ್ಕೋರು. "ಈ ಹಾಸ್ಟೆಲಿಗೆ ಟ್ರಸ್ಟಿನ ಅಧ್ಯಕ್ಷರ ಬೋರ್ಡು ಯಾಕ ಹಾಕೇವಿ? ಗಂಡಸಿನ ಹೆಸರಿಲ್ಲದಽ ಇಷ್ಟು ಹೆಂಗಸರಿಗೆ ಮನಿ ಯಾರ ಕೊಡ್ತಾರ? ರಾಜಾ ಅಂದ್ರ ಬೋರ್ಡು."

ಎರಡನೆಯದು, ವಾರಕ್ಕೊಬ್ಬ ಹೊಸ ರಾಣಿ ಬರುತ್ತಾಳೆ. ಕತೆ ಅಗಲಕ್ಕೆ ಬೆಳೆಯುತ್ತದೆ, ಮುಂದಕ್ಕೆ ಹೋಗುವುದಿಲ್ಲ.

"ಬಾಗಿಲಿಗೆ ಬಂದಾಕಿಗೆ ಏನ್ ಹೇಳ್ಲಿ? ಕತಿ ಮುಂದ ಹೋಗಬೇಕಾಗೇದ, ನೀ ಹೊಳ್ಳಿ ಹೋಗು ಅಂತ ಹೇಳ್ಲೇನು?"

ಎಲ್ಲರೂ ನಕ್ಕರು. ನಾನು ಮೂರನೆಯದನ್ನು ಓದಿದೆ: ಈ ಅರಮನೆಯಿಂದ ಯಾರೂ ಹೋಗುವುದಿಲ್ಲ, ಯಾರೂ ಸಾಯುವುದಿಲ್ಲ. ಕಳೆದುಕೊಳ್ಳುವ ಹೆದರಿಕೆ ಇಲ್ಲದ ಕಡೆ ಸಂತೋಷಕ್ಕೂ ತೂಕ ಇರುವುದಿಲ್ಲ. ಧೈರ್ಯ ಇದ್ದರೆ ಲೇಖಕರು ಒಬ್ಬ ರಾಣಿಯನ್ನು ಸಾಯಿಸಲಿ.

ಅವರ ಕೈ ನಿಂತಿತು. ಇನ್ನೊಮ್ಮೆ ಓದಿಸಿದರು. "ಶಾಣ್ಯಾ ಹುಡುಗ. ಆದ್ರ ಇನ್ನೂ ಸಣ್ಣಾವ" ಎಂದು ಹೇಳಿ, ಅಕ್ಕಿ ಇನ್ನೂ ಉಳಿದಿದ್ದರೂ ಎದ್ದು ಹೋದರು.

ನನಗೆ ಮಾತ್ರ ಅವನು ಹೇಳಿದ್ದು ಸರಿ ಎನ್ನಿಸಿತು. ಇದನ್ನು ಈಗ ಬರೆಯುವುದು ಕಷ್ಟ, ಆದರೆ ಬರೆಯಲೆಂದೇ ಕೂತಿದ್ದೇನೆ. ದಿನವೂ ಆ ಕಾಮೆಂಟುಗಳನ್ನು ಓದುತ್ತಿದ್ದವಳು ನಾನು. ಬರಬರುತ್ತ ಕತೆ ನನ್ನದೂ ಹೌದು ಎನ್ನುವ ಹಾಗೆ ಆಗಿತ್ತು. ಅದೇ ಮಳೆಗಾಲದಲ್ಲಿ ಅಕ್ಕೋರಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಒಂದು ತಿಂಗಳು ಬರೆಯುವಂತಿಲ್ಲ. ಮೂರು ವಾರ ಅಧ್ಯಾಯ ಬಾರದೆ ಓದುವವರು ಒಬ್ಬೊಬ್ಬರಾಗಿ ಕಡಿಮೆಯಾದರು. ನಾಲ್ಕನೆಯ ವಾರ ನಾನೇ ಬರೆದೆ. ಅವರನ್ನು ಕೇಳಲಿಲ್ಲ.

ಏಳನೆಯ ರಾಣಿಯನ್ನು ಸಾಯಿಸಿದೆ. ಅವಳು ಯಾರೆಂದು ಗೊತ್ತಿದ್ದೇ ಸಾಯಿಸಿದೆ. ಬೇರೆ ಯಾವ ರಾಣಿಯನ್ನೂ ನನ್ನ ಕೈ ಮುಟ್ಟಲೊಲ್ಲದು, ಅವರೆಲ್ಲ ಬದುಕಿದ್ದರು. ಬೆಂಕಿ ಅವಳನ್ನು ಸುಡದು, ಆದ್ದರಿಂದ ನದಿಯಲ್ಲಿ ಮುಳುಗಿಸಿದೆ. ಅದನ್ನು ಜಾಣತನ ಎಂದುಕೊಂಡೆ. ನೀರಿನ ಮೇಲೆ ದೀಪ ತೇಲಿಸಿದೆ. ರಾಜ ಮೊದಲ ಸಲ ಬೆಂಚಿನಿಂದ ಎದ್ದು ಬಂದು ದಂಡೆಯ ಮೇಲೆ ಮೊಣಕಾಲೂರಿ ಅತ್ತ. ಅಧ್ಯಾಯ ಅಲ್ಲಿಗೆ ಮುಗಿಯಿತು. ಓದುವವರು ತಿರುಗಿ ಬಂದರು. ಅತ್ತೆವು ಎಂದರು, ರಾಜ ಕೊನೆಗೂ ಮನುಷ್ಯನಾದ ಎಂದರು. ಬೆಂಗಳೂರಿನ ಹುಡುಗ "ಇದೇ ಬೇಕಿತ್ತು" ಎಂದು ಬರೆದ. ಎರಡು ವಾರ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಹಾಸ್ಟೆಲಿಗೆ ಹೊಸದಾಗಿ ಬಂದ ಹುಡುಗಿಯೊಬ್ಬಳು ತನ್ನ ಆಫೀಸಿನಲ್ಲಿ ಅದನ್ನು ಓದಿದ್ದಳು. ಅದರ ಮುಂದಿನ ಗುರುವಾರ ಅವಳು ಅಕ್ಕೋರಿಗೆ, ಏಳನೇ ರಾಣಿನ್ನ ಯಾಕ ಸಾಯಿಸಿದ್ರಿ, ನಾ ಭಾಳ ಅತ್ತೆ ಎಂದಳಂತೆ. ನನಗೆ ಹೇಳಿ ಕಳಿಸಿದರು.

ಹೋದೆ. ಅವರು ತಮ್ಮ ಕೋಣೆಯಲ್ಲಿ ಮಂಚದ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ಮೊರ ಇರಲಿಲ್ಲ. ಅಧ್ಯಾಯ ಓದು ಎಂದರು. ಪ್ರಿಂಟು ತಂದಿದ್ದೆ, ಓದಿದೆ. ಕೊನೆಯವರೆಗೆ ಓದಿಸಿದರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಇವತ್ತು ಇದನ್ನು ಬರೆಯುತ್ತಿರಲಿಲ್ಲವೇನೋ.

"ಚಲೋ ಬರ್ದೀ" ಎಂದರು. ಆಮೇಲೆ ಕೇಳಿದರು, "ಅಕಿ ಟ್ರಂಕು ಯಾರ ಒಯ್ದ್ರು?"

ಯಾವ ಟ್ರಂಕು ರೀ ಎಂದೆ.

"ರಾಣಿ ಸತ್ಲು. ದೀಪಾ ಬಿಟ್ರಿ, ರಾಜಾ ಅತ್ತ. ಆತು. ಮರುದಿನ ಅಕಿ ಸೀರಿ, ಅಕಿ ವಾಟಗಾ, ಅಕಿ ಟ್ರಂಕು? ಅವನ್ನ ಯಾರ ಒಯ್ದ್ರು? ನೀ ಬರ್ದಿಲ್ಲ."

ಬರೆದಿಲ್ಲ ರೀ ಎಂದೆ.

"ಸಾಯ್ಸೂದು ಸಲೀಸು ಅದ ತಂಗಿ. ಮುಂದಿಂದು ಬರಿಯೂದಽ ಆಗೂದಿಲ್ಲ. ಅದಕ್ಕಽ ನಾ ಯಾರನ್ನೂ ಸಾಯ್ಸಿದ್ದಿಲ್ಲ." ಮಂಚದ ಕೆಳಗೆ ಕೈ ತೋರಿಸಿದರು. "ಎಳಿ ಅದನ್ನ."

ನಾನು ಸುರೇಖಾಳ ಟ್ರಂಕು ಎಳೆದೆ. ಐದು ವರ್ಷದಿಂದ ಯಾರೂ ತೆರೆದಿರಲಿಲ್ಲ. ಒಂದೊಂದನ್ನೇ ತೆಗೆದು ಏನೆಂದು ಬಾಯಿಬಿಟ್ಟು ಹೇಳಲು ಹೇಳಿದರು. ಎರಡು ಸೀರೆ. ಒಂದು ಸ್ವೆಟರು. ತೆರೆಯದ ಪೌಡರಿನ ಡಬ್ಬಿ. ಕಾರ್ಖಾನೆಯ ಗುರುತಿನ ಚೀಟಿ. ಅವಳು ಮದುವೆಗೆ ಮೊದಲೇ ಬಜಾರದಲ್ಲಿ ಹೆಸರು ಕೆತ್ತಿಸಿ ತಂದಿದ್ದ ಸ್ಟೀಲಿನ ಊಟದ ಬಟ್ಟಲು, ವಾಟಗ; ಅದರ ಮೇಲೆ ಅವಳ ಹೆಸರು, ಪಕ್ಕದಲ್ಲಿ ಅವನ ಅಡ್ಡಹೆಸರು. ಅದನ್ನು ಓದಲಾರದೆ ನಿಂತೆ. "ಓದು" ಎಂದರು. ಓದಿದೆ.

ಆಮೇಲೆ ಮುಂದಿನ ಅಧ್ಯಾಯ ಹೇಳಿ ಬರೆಸಿದರು. ನಾನು ವಹಿ ತೆಗೆದುಕೊಂಡಾಗ ತಡೆದರು. "ವಹ್ಯಾಗ ಬ್ಯಾಡ. ಬ್ಯಾರೆ ಹಾಳ್ಯಾಗ ಬರಿ." ಆ ಅಧ್ಯಾಯದಲ್ಲಿ ಟ್ರಂಕು ಒಯ್ಯುವವರು ಯಾರು ಎಂದು ದ್ವಾರಪಾಲಕಿ ಕೇಳುತ್ತಾಳೆ. ನಾನು ಒಯ್ಯುತ್ತೇನೆ ಎಂದು ರಾಜ ಬರುತ್ತಾನೆ. ಸಂಬಂಧ ಏನು ಎಂದರೆ ಗಂಡ ಎನ್ನುತ್ತಾನೆ. ಅದು ಸಾಲದು, ಜೊತೆಗೆ ಕೂತು ಉಂಡವರು ಬೇಕು ಎಂದು ಅವನನ್ನು ಬೆಂಚಿಗೆ ಕಳಿಸುತ್ತಾಳೆ. ರಾಣಿಯರೇ ಟ್ರಂಕು ಹೊತ್ತು ನದಿಯ ದಂಡೆಗೆ ಹೋಗಿ, ತೆರೆದು, ಒಳಗಿನ ಒಂದೊಂದು ಸಾಮಾನನ್ನೂ ಗಟ್ಟಿಯಾಗಿ ಹೇಳುತ್ತಾರೆ. ಆಚೆಯಿಂದ ಯಾರೂ ಓಗೊಡುವುದಿಲ್ಲ. ಸಂಜೆಯವರೆಗೆ ಕಾಯುತ್ತಾರೆ. ಮುಂದೆ ಏನು ಬರೆಯಲಿ ಎಂದು ಕೇಳಿದೆ.

"ಒಯ್ಯಾಕ ಯಾರೂ ಬರಲಿಲ್ಲ. ಹೊಳ್ಳಿ ಹೊತಗೊಂಡು ಬಂದ್ರು ಅಂತ ಬರಿ."

ಅದನ್ನು ಹಾಗೆಯೇ ಹಾಕಿದೆ. ಅವರ ಕತೆಯಲ್ಲಿ ಅಷ್ಟು ಚೆನ್ನಾಗಿ ಬಂದ ಅಧ್ಯಾಯ ಇನ್ನೊಂದಿಲ್ಲ ಎಂದು ಈಗಲೂ ನನಗೆ ಅನ್ನಿಸುತ್ತದೆ. ಒಂದೇ ಕಾಮೆಂಟು ಬಂತು: "ಇದರಲ್ಲಿ ಏನೂ ಆಗಲ್ವಲ್ಲ." ಬೆಂಗಳೂರಿನ ಹುಡುಗ ಏನೂ ಬರೆಯಲಿಲ್ಲ. ಅಕ್ಕೋರು ಮತ್ತೆ ಕತೆ ಹೇಳಲಿಲ್ಲ. ಗುರುವಾರ ಮೊರ ಹಿಡಿದು ಕೂಡುವರು, ಮಾತಾಡುವರು, ಹುಡುಗಿಯರು ಕೇಳಿದರೆ ಮರೆತೆ ಎನ್ನುವರು. ನನ್ನ ಮೇಲೆ ಸಿಟ್ಟು ಮಾಡಿದ್ದೇ ಇಲ್ಲ. ಹೋದಾಗಲೆಲ್ಲ ಚಹಾ ಕೊಟ್ಟರು, ಮಗಳು ಹುಟ್ಟಿದಾಗ ಬಂದು ಕೂಸಿಗೆ ನೀರು ಎರೆದು ಹೋದರು. ಸಿಟ್ಟಿಲ್ಲದಿದ್ದದ್ದೇ ನನಗೆ ಹೆಚ್ಚು ಭಾರವಾಯಿತು. ಕ್ಷಮಿಸಿ ಎಂದು ಕೇಳಬೇಕೆಂದು ಹೋದ ದಿನಗಳಲ್ಲೆಲ್ಲ ಚಹಾ ಕುಡಿದು ಬಂದಿದ್ದೇನೆ.

ಎರಡು ವರ್ಷಕ್ಕೆ ಟ್ರಸ್ಟು ಆ ಕಟ್ಟಡ ಮಾರಿತು. ಹುಡುಗಿಯರು ಚದುರಿದರು. ಆ ತಾಣವೂ ಒಂದು ದಿನ ತೆರೆಯಲಿಲ್ಲ. ಅಕ್ಕೋರು ಪಿಂಪ್ರಿಯ ರೈಲುಹಳಿಯ ಹತ್ತಿರ ಒಂದು ಕೋಣೆ ಹಿಡಿದರು. ಹೋಗುವಾಗ ಎರಡು ಟ್ರಂಕು ಒಯ್ದರು, ತಮ್ಮದೊಂದು, ಅವಳದೊಂದು. ಹೋದ ತಿಂಗಳು ಜ್ವರ ಬಂದು, ನಾಲ್ಕು ದಿನ ಯಾರಿಗೂ ಹೇಳದೆ ಮಲಗಿ, ತೀರಿಕೊಂಡರು. ಪಕ್ಕದ ಮನೆಯವರು ಹೇಳಿ ಕಳಿಸಿದ ಮೇಲೆ ನನಗೆ ಗೊತ್ತಾಯಿತು.

ಸೊಲ್ಲಾಪುರದಿಂದ ಅವರ ಅಣ್ಣನ ಮಗ ಬಂದ. ಒಳ್ಳೆಯ ಮನುಷ್ಯ, ಎಲ್ಲ ಕಾರ್ಯ ಸರಿಯಾಗಿ ಮಾಡಿದ. ಕೋಣೆ ಖಾಲಿ ಮಾಡುವ ದಿನ ನಾನೂ ಹೋದೆ. ಮಂಚ, ಗ್ಯಾಸು, ಪಾತ್ರೆಗಳನ್ನು ಟೆಂಪೋಕ್ಕೆ ಹೇರಿದ ಮೇಲೆ ಎರಡು ಟ್ರಂಕು ಉಳಿದವು. ಒಂದರ ಮೇಲೆ ಬೇರೆಯವರ ಹೆಸರು ನೋಡಿ ಅವನು ಗೊಂದಲಗೊಂಡ.

"ಇದು ಯಾರದು ಗೊತ್ತಿಲ್ರಿ. ಎರಡೂ ಗುಜರಿಯವಗ ಕೊಡ್ಲೇನು?"

"ಬ್ಯಾಡ್ರಿ. ನಾ ಒಯ್ತೀನಿ."

ಆಗಲಿ ಎಂದ. ಆದರೆ ನಾಳೆ ಊರಿನಲ್ಲಿ ಯಾರಾದರೂ ಕೇಳಿದರೆ ತೋರಿಸಲು ನಿಮ್ಮ ಹೆಸರು, ಅವರಿಗೆ ನೀವು ಏನಾಗಬೇಕು ಎಂದು ಒಂದು ಹಾಳೆಯಲ್ಲಿ ಬರೆದು ಕೊಡಿ ಎಂದ. ಅದು ನ್ಯಾಯವೇ.

ನಾನು ಮೊದಲು ಟ್ರಂಕುಗಳನ್ನು ತೆರೆದೆ. ಸುರೇಖಾಳದನ್ನು ಬಾಯಿಬಿಟ್ಟು ಹೇಳಿದೆ: ಎರಡು ಸೀರೆ, ಸ್ವೆಟರು, ಡಬ್ಬಿ, ಚೀಟಿ, ವಾಟಗ. ಆಮೇಲೆ ಅಕ್ಕೋರದು. ಆರು ಸೀರೆ. ಕಪ್ಪು ಕನ್ನಡಕ. ಹಾಸ್ಟೆಲಿನ ರಜಿಸ್ಟರ್. ಹನ್ನೊಂದು ವಹಿ. ಕೊನೆಯ ವಹಿ ಅರ್ಧಕ್ಕೆ ನಿಂತಿತ್ತು. ಬರೆದಿದ್ದ ಕೊನೆಯ ಪುಟದಲ್ಲಿ ಏಳನೆಯ ರಾಣಿ ಉಡಿಯಲ್ಲಿ ಕೆಂಡ ಕಟ್ಟಿಕೊಂಡು ಹದಿಮೂರನೆಯವಳಿಗೆ ನೀರು ಕಾಯಿಸಲು ಹೊರಟಿದ್ದಳು. ಅಣ್ಣನ ಮಗ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ನಾನು ಯಾರಿಗೆ ಹೇಳುತ್ತಿದ್ದೇನೆ ಎಂದು ಅವನು ಕೇಳಲಿಲ್ಲ.

ಎರಡೂ ಮುಚ್ಚಳ ಹಾಕಿ, ಅವನು ಕೊಟ್ಟ ಹಾಳೆ ತೆಗೆದುಕೊಂಡೆ. ಹೆಸರು ಬರೆದೆ. ಊರು ಬರೆದೆ. ಸಂಬಂಧ ಎಂಬಲ್ಲಿ ಪೆನ್ನು ನಿಂತಿತು. ಖಾಲಿ ಬಿಟ್ಟರೆ ಅಕ್ಕೋರು ಒಪ್ಪುತ್ತಿರಲಿಲ್ಲ. ಕೂಡಿ ಉಂಡವಳು ಎಂದು ಬರೆದು ಕೊಟ್ಟೆ.